ಸೀರೆ ಉಡಿಸಿ ಬರೆಸಿಕೊಂಡ ಹೊಲ

ಸೊಲ್ಲಾಪುರ
14 ಆಗಸ್ಟ್ 2025

ಪ್ರೀತಿಯ ಅಕ್ಕನಾಗಮ್ಮ ಅತ್ತೆಗೆ,

ನಿಮ್ಮ ಪಾಲಿನ ಎರಡು ಎಕರೆ ಹೊಲವನ್ನು ನಿಮ್ಮ ಅಣ್ಣ, ನನ್ನ ಅಪ್ಪ, ಕದ್ದಿದ್ದಾನೆ. ನಾಗರ ಪಂಚಮಿಯ ಮರುದಿನ ಅಕ್ಕಲಕೋಟೆಯಲ್ಲಿ ನೀವು ಸಹಿ ಮಾಡಿದ ಮರಾಠಿ ಕಾಗದ ದಾಖಲೆಯಲ್ಲಿ ಹೆಸರು ತಿದ್ದುವುದಕ್ಕಲ್ಲ. ತವರಿನ ಹೊಲದ ಹಕ್ಕು ಬಿಟ್ಟುಕೊಡುವ ಹಕ್ಕಸೋಡ ಪತ್ರ ಅದು. ನಮಸ್ಕಾರಕ್ಕಿಂತ ಮೊದಲು ಇದನ್ನು ಬರೆದದ್ದಕ್ಕೂ, ಹದಿನೈದು ದಿನ ತಡಮಾಡಿದ್ದಕ್ಕೂ ಕ್ಷಮಿಸಿ. ಫೋನಿನಲ್ಲಿ ಹೇಳಲು ಧೈರ್ಯ ಬರಲಿಲ್ಲ.

ಬೋರಾಮಣಿಯಲ್ಲಿ ಮಳೆ ಹೇಗಿದೆ? ನಿಮ್ಮ ಮೊಣಕಾಲು? ನಿಮ್ಮ ತವರು ಮೈಂದರ್ಗಿಯಲ್ಲಿ ಎಲ್ಲರೂ ಕ್ಷೇಮ. ಅವರು ಅಷ್ಟು ಕ್ಷೇಮವಾಗಿರುವುದೇ ನನಗೆ ಹೇಸಿಗೆ.

ಸ್ಟೇಷನ್ ಎದುರಿನ ಅಂಗಡಿಯಲ್ಲಿ ಒಂದು ಕಿರುಹೊತ್ತಿಗೆ ಕೊಂಡಿದ್ದೆ. ನಾನೂರು ವರ್ಷದ ಹಿಂದಿನ ಒಬ್ಬ ಇಂಗ್ಲಿಷ್ ತತ್ತ್ವಜ್ಞಾನಿಯ ವಿಚಾರಗಳು. ತನ್ನೊಬ್ಬನ ಲಾಭ ನೋಡುವ ಜಾಣತನ ವಿವೇಕವಲ್ಲ, ಅದು ಮನುಷ್ಯನ ಕೀಳು ಗುಣ ಎನ್ನುತ್ತಾನೆ. ಊರಿಗೆ ಹೋದಾಗ ಅದನ್ನು ಅಪ್ಪನಿಗೆ ಓದಿ ಹೇಳಿದೆ. ಅವನು ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದ.

“ನಿನ್ನ ಇಂಗ್ರೇಜಿ ಶಾಣ್ಯಾ ಎಷ್ಟ ಎಕರೆ ಬಿಟ್ಟ ಹೋಗ್ಯಾನ?”

“ಅತ್ತಿ ನಿನ್ನ ಮ್ಯಾಲ ವಿಶ್ವಾಸ ಇಟ್ಟಿದ್ಳು, ಅಪ್ಪಾ.”

“ಅದಕ್ಕ ಸೀರಿ ಉಡಿಸೀನಿ. ಊರಾಗ ಎಲ್ಲಾ ಅಕ್ಕತಂಗೇರು ಸಹಿ ಮಾಡತಾರ. ಹೊಲಾನೂ ಬೇಕು, ತವರೂ ಬೇಕು ಅಂದ್ರ ಹೆಂಗ? ನಿನಗ ಸಾಲಿ ಕಲಿಸಿದ್ದ ಇದಕ್ಕೇನೋ?”

ಈ ಮಾತಿಗೆ ಓಣಿಯೇ ತಲೆದೂಗುತ್ತದೆ. ಒಂದು ಹಸಿರು ಸೀರೆ, ಒಂದು ಡಬ್ಬಿ ಉಂಡಿ, ಜೋಕಾಲಿಯಲ್ಲಿ ನಾಲ್ಕು ಜೀಕು. ಅಷ್ಟಕ್ಕೆ ಒಡಹುಟ್ಟಿದವಳ ಮುಪ್ಪಿನ ಅನ್ನ ಹೋಯಿತು. ಥೂ, ಇದನ್ನು ಹಬ್ಬ ಎನ್ನುತ್ತಾರೆ.

ಹೊತ್ತಿಗೆಯ ಕೊನೆಯ ಪುಟದಲ್ಲಿ ಇನ್ನೊಂದು ವಿಷಯವಿದೆ. ಅಷ್ಟೆಲ್ಲ ಬರೆದ ಆ ಮಹಾಶಯ ನ್ಯಾಯಾಧೀಶನಾಗಿದ್ದಾಗ ಕಕ್ಷಿದಾರರಿಂದ ಕಾಣಿಕೆ ತೆಗೆದುಕೊಂಡು ಸಿಕ್ಕಿಬಿದ್ದನಂತೆ. ಓದಿದವನೇ ಹೊತ್ತಿಗೆಯನ್ನು ಗೋಡೆಗೆ ಎಸೆದೆ. ತಿಳಿಯದೆ ತಪ್ಪು ಮಾಡುವವನನ್ನು ತಿದ್ದಬಹುದು. ತಿಳಿದೂ ಮಾಡುವವನನ್ನು ಏನು ಮಾಡಬೇಕೆಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ.

ಅಕ್ಕಲಕೋಟೆಯ ಒಬ್ಬ ವಕೀಲರನ್ನು ಕೇಳಿದ್ದೇನೆ. ಸುಳ್ಳು ಹೇಳಿ ಪಡೆದ ಸಹಿಯನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು, ಸುಳ್ಳು ಹೇಳಿದವನೇ ಒಪ್ಪಿಕೊಂಡರೆ ಬಲ ಹೆಚ್ಚು ಎಂದರು.

ದೇವರು ನಿಮ್ಮನ್ನು ಗಟ್ಟಿಯಾಗಿಡಲಿ. ನಿಮ್ಮ ಆಶೀರ್ವಾದ ಕೇಳುವ ಮುಖ ನನಗಿಲ್ಲ.

ನಿಮ್ಮ
ಕಾಂತೇಶ

ತಾ.ಕ.: ಅಂದು ನೋಂದಣಿ ಕಚೇರಿಯಲ್ಲಿ ನೀವು, “ಏನ ಬರದಾರೋ ಕಾಂತೇಶಾ? ನೀ ಹೇಳಿದ್ರ ನಂಬತೀನಿ,” ಎಂದಿರಿ. “ಹೆಸರ ತಿದ್ದಾಕ ಅತ್ತಿ, ಅಷ್ಟ,” ಎಂದೆ. ಅಪ್ಪ ನನಗೂ ಮೋಸ ಮಾಡಿದ ಎಂದು ನೀವು ತಿಳಿದಿರಬಹುದು. ಇಲ್ಲ ಅತ್ತೆ. ಪ್ರತಿ ಸಾಲನ್ನೂ ಓದಿದ್ದೆ. ಆ ಹೊಲ ಮುಂದೆ ನನಗೇ ಬರುತ್ತದೆ ಎಂಬುದೂ ತಲೆಯಲ್ಲಿತ್ತು. ಸಾಕ್ಷಿಯ ಸಹಿಯೂ ನನ್ನದೇ. ವಕೀಲರ ಎದುರು ಇದನ್ನೆಲ್ಲ ಬರೆದುಕೊಡುತ್ತೇನೆ. ಅದನ್ನು ನಿಮಗೆ ಓದಿ ಹೇಳಲು ನನ್ನನ್ನು ನಂಬಬೇಡಿ, ಮರಾಠಿ ಬಲ್ಲ ಬೇರೆ ಯಾರನ್ನಾದರೂ ಕರೆದುಕೊಂಡು ಬನ್ನಿ. ಅಕ್ಕಲಕೋಟೆ ಬಸ್ ನಿಲ್ದಾಣದಲ್ಲಿ ಕಾಯುತ್ತೇನೆ, ಆಗಸ್ಟ್ 25, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.