ನಡುಗಡ್ಡೆಯ ಭವನದ ಬಾಗಿಲು

ಫೆಬ್ರವರಿ ೯, ಭಾನುವಾರ

ಇವತ್ತೂ ನಮ್ಮ ಸಮುದಾಯ ಭವನದ ಮರ್ಯಾದೆ ಹೋಯಿತು. ಲಗ್ಗೆರೆಯಿಂದ ಬಂದ ಗಂಡಿನ ಕಡೆಯ ದಿಬ್ಬಣ ವಾಲಗದ ಸಮೇತ ನೇರವಾಗಿ ಅಡುಗೆಮನೆಗೆ ನುಗ್ಗಿತು. ಸೌಟು ಹಿಡಿದಿದ್ದ ಭಟ್ಟರೇ ಮದುಮಗನನ್ನು ಎದುರುಗೊಂಡರು! ರಸ್ತೆಗೆ ಕಾಣುವುದು ಅಡುಗೆಮನೆಯ ಬಾಗಿಲೊಂದೇ. ಹೆಬ್ಬಾಗಿಲು ಇರುವುದು ಹಿಂದೆ, ಮೋರಿಯ ಕಡೆ.

ಭವನದ ಅಧ್ಯಕ್ಷ ಗಂಗಾಧರಯ್ಯ ಕೆಂಡಾಮಂಡಲವಾದರು. "ಕಟ್ಟಿದೋರಿಗೆ ಬುದ್ಧಿ ಇರ್ಲಿಲ್ಲ ಕಣಮ್ಮ. ಆ ಹೆಬ್ಬಾಗ್ಲು ಮುಚ್ಚಿಸಿ, ರೋಡ್ ಕಡೆಗೆ ಇಡ್ಸೋಣ."

ಭವನದ ಗೋಡೆಗೆ ಕೂರಿಸುವ ಕಲ್ಲಿನಲ್ಲಿ ಕೆತ್ತಿಸಲು ಅದರ ಇತಿಹಾಸ ಬರೆದುಕೊಡುವ ಕೆಲಸವನ್ನು ನನ್ನ ತಲೆಗೆ ಕಟ್ಟಿದವರೂ ಅವರೇ. ವಾರದಿಂದ ಒಂದು ಸಾಲೂ ಹೊರಟಿರಲಿಲ್ಲ.

ಎಲೆಅಡಿಕೆ ಮೆಲ್ಲುತ್ತಿದ್ದ ನಮ್ಮತ್ತೆ ಚಿಕ್ಕಮುನಿಯಮ್ಮ ನಕ್ಕುಬಿಟ್ಟರು. "ಇದು ಕೆರೆ ಮಧ್ಯದ ನಡುಗಡ್ಡೆ ಆಗಿತ್ತಲ್ವೇನೋ ಗಂಗಾಧರಾ? ಆಗ ಇದೇ ಕಟ್ಟಡ ಭಜನೆ ಮನೆ ಆಗಿತ್ತು. ಮದ್ವೆ ದಿನ ನಾನು ತೆಪ್ಪದಲ್ಲಿ ಬಂದು ಇಳಿದಿದ್ದು ಆ ಹೆಬ್ಬಾಗ್ಲ ಮೆಟ್ಲಿಗೇನೇ. ಕೆರೆ ಮುಚ್ಚಿದ್ಮೇಲೆ ತಾನೇ ರೋಡು ಬಂದಿದ್ದು? ಭವನ ಸರಿಯಾಗೇ ನಿಂತೈತೆ. ನಿಮ್ ರೋಡೇ ಹಿತ್ಲಿಂದ ಬಂದೈತೆ."

ಗಂಗಾಧರಯ್ಯ ಎದ್ದುಹೋಗಿ ಆ ಮೆಟ್ಟಿಲ ಮೇಲೆ ನಿಂತು ನೋಡಿದರು. ಅವರು ನೋಡುತ್ತಿದ್ದದ್ದು ಮೋರಿಯನ್ನಲ್ಲ ಅನ್ನಿಸಿತು. ವಾಪಸ್ಸು ಬಂದವರು, "ಬಾಗ್ಲು ಇರ್ಲಿ. ಹೆಬ್ಬಾಗ್ಲು ಹಿಂದುಗಡೆ ಅಂತ ರೋಡಲ್ಲಿ ಒಂದು ಬೋರ್ಡ್ ಹಾಕ್ಸೋಣ," ಅಂದರು.

ಈಗ ರಾತ್ರಿ, ಇದನ್ನು ಬರೆಯುವಾಗ ಅತ್ತೆ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದಾರೆ. ಮದುವೆಯ ಊಟ ಜೋರಾಯಿತು. ನನಗಂತೂ ಕಲ್ಲಿನ ಮೊದಲ ಸಾಲು ಸಿಕ್ಕಿತು: 'ಈ ಮೆಟ್ಟಿಲಿಗೆ ಚಿಕ್ಕಮುನಿಯಮ್ಮ ಮದುಮಗಳಾಗಿ ತೆಪ್ಪದಲ್ಲಿ ಬಂದಿಳಿದರು.'

ಹೆಸರು ಹಾಕಿಸಿದರೆ ಅತ್ತೆ ಬೈಯುತ್ತಾರೆ. ಬೈಯಲಿ.