ಶಂಖ ಊದಿದಾಗ ದಾರಿಯಲ್ಲಿ

ಅಪಿಯಾ, ಮಂಗಳವಾರ, ಜೂನ್ ೯

...ಮೊದಲು ಹಾಡು, ಸಂತೋಷ ಆಮೇಲೆ ಬರತ್ತೆ ಎಂದಳೋ ನನ್ನ ಹೆಂಡತಿ ಮಸೀನಾ, ಅದಕ್ಕೆ ಹತ್ತಿರದ ಬೇರೇನೋ. ಅವಳೊಳಗಿನ ಗಡ್ಡೆಯನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆಯಲೇಬೇಕು ಎಂದರು ವೈದ್ಯರು. ಅಲ್ಲಿಯವರೆಗೆ ತನ್ನ ತಂಗಿಯ ಮನೆಯಲ್ಲಿರಲಿ ಎಂದು ಅವಳನ್ನು ಬಿಡಲು ಹೊರಟಿದ್ದೆ. ನಡುವಿನ ಹಳ್ಳಿಯಲ್ಲಿ ಸಂಜೆಯ ಪ್ರಾರ್ಥನೆಗೆ ಶಂಖ ಊದಿದರು; ಅದು ಮುಗಿಯುವವರೆಗೆ ಹಳ್ಳಿಯೊಳಗೆ ಯಾರೂ ಓಡಾಡುವಂತಿಲ್ಲ. ಸೊಂಟಕ್ಕೆ ಲಾವಾಲಾವಾ ಪಂಚೆ ಉಟ್ಟ ಕಾವಲಿನವ ರಸ್ತೆಗೆ ಅಡ್ಡ ನಿಂತ.

"ಆಸ್ಪತ್ರೆಯಿಂದ ಬರ್ತಿದೀವಪ್ಪಾ, ಗಂಡ ಹೆಂಡ್ತಿ ಇಬ್ರಿಗೂ ಸುಸ್ತಾಗಿದೆ, ಬಿಡು" ಎಂದೆ.

"ಹಾಗಾದ್ರೆ ಪ್ರಾರ್ಥನೆಗೆ ಇದಕ್ಕಿಂತ ಒಳ್ಳೆ ಹೊತ್ತು ಯಾವುದಣ್ಣಾ? ಕಾರು ನಿಲ್ಸು."

ಮಸೀನಾ ನಕ್ಕುಬಿಟ್ಟಳು. ಸುತ್ತಲ ಮನೆಗಳಿಂದ ಕೀರ್ತನೆ ಎದ್ದಿತು. ಅವಳೂ ಗಂಟಲು ಬಿಚ್ಚಿ ದನಿಗೂಡಿಸಿದಳು.

"ನೀನೂ ಹಾಡು ಮಾರಾಯ. ಶ್ರುತಿ ತಪ್ಪಿದ್ರೆ ದೇವರು ಸಹಿಸ್ಕೋತಾನೆ, ನನಗಂತೂ ಅಭ್ಯಾಸ ಆಗಿದೆ."

ಹಾಡಿದೆ. ಎದೆ ಹಗುರಾಯಿತು. ಆ ಗಳಿಗೆ ಗಡ್ಡೆಯ ನೆನಪೇ ಇರಲಿಲ್ಲ. ಅದು ನಂಬಿಕೆಯೋ ಬರೀ ಮರೆವೋ, ತಿಳಿಯುತ್ತಿಲ್ಲ. ಒಬ್ಬನೇ ಮನೆಗೆ ಬಂದ ಮೇಲೆ ಭಯ ಮರಳಿದೆ. ಆದರೆ ಆ ಹಗುರವೂ ಹೋಗಿಲ್ಲ. ಎರಡೂ ಒಂದೇ ಎದೆಯಲ್ಲಿ ಹೇಗೆ ಕೂತಿವೆ?

ಕೀರ್ತನೆಯ ಕೊನೆಗೆ ಅವಳು ನನ್ನ ಕೈ ಹಿಡಿದಳು. ಅವಳ ಅಂಗೈ ತಣ್ಣಗೆ ಬೆವರಿತ್ತು. ಮಸೀನಾ, ನಿನಗೆ ನಿಜವಾಗಿ ಸಂತೋಷವಾಗಿತ್ತಾ, ಇಲ್ಲ ನನಗಾಗಲಿ ಎಂದು ಹಾಡಿದೆಯಾ?