ಧೂಮಕೇತುವಿನ ಧೂಳು

ಜೇವರ್ಗಿ ಕಾಲೋನಿ, ಕಲಬುರಗಿ
ಜನವರಿ 2007

ಕಮಲಾಪುರದಲ್ಲಿರುವ ಅಪ್ಪನಿಗೆ ಅಮೃತಳ ನಮಸ್ಕಾರ.

ಮಕ್ಕಳ ವಿಜ್ಞಾನ ಪತ್ರಿಕೆಗೆ ಅನುವಾದಿಸುತ್ತಿದ್ದ ಲೇಖನ ಮುಗಿಯಿತು. ಧೂಮಕೇತುವೊಂದರ ಧೂಳನ್ನು ಭೂಮಿಗೆ ತಂದಿದ್ದಾರೆ. ಅದರಲ್ಲಿ ಹಗುರ ಆಮ್ಲಜನಕ ಎಷ್ಟು, ಭಾರದ್ದು ಎಷ್ಟು ಎಂದು ಅಳೆದಾಗ, ಒಂದು ಕಣ ಸೂರ್ಯನ ಹತ್ತಿರದ ಸುಡುಬಿಸಿಯಲ್ಲಿ ಹುಟ್ಟಿದ್ದೆಂದು ತಿಳಿಯಿತಂತೆ. ಧೂಮಕೇತು ರೂಪುಗೊಂಡದ್ದು ಮಾತ್ರ ಬಹುದೂರದ ಕೊರೆಯುವ ಚಳಿಯಲ್ಲಿ. ಬಂಡಮ್ಮ ಅತ್ತೆಗೆ ಇದನ್ನು ಓದಿ ಹೇಳಿದೆ.

“ಅಯ್ಯ, ಆ ಕೂಸಿಗಿ ಅಷ್ಟು ದೂರ ಲಗ್ನ ಮಾಡಿ ಯಾರು ಕೊಟ್ರು?” ಎಂದರು. “ನಮ್ಮಣ್ಣ ಆಗಿದ್ರ ಕಲಬುರಗಿ ದಾಟಿ ಕೊಡ್ತಿದ್ದಿಲ್ಲ ನೋಡು. ಸಿಮ್ಲಾದಾಗಿರೋ ಹುಡುಗ ನಿನಗ ಬ್ಯಾಡ ಅನ್ಲಕತ್ತಾನ ನಮ್ಮಣ್ಣ. ದೂರ ಅಂತ, ಮ್ಯಾಲ ಥಂಡಿ ಅಂತ.”

ನೀವು ಹಾಗೆ ಯೋಚಿಸುತ್ತಿರುವುದು ನನಗೆ ಗೊತ್ತಾದದ್ದೇ ಆಗ. ಸಿಮ್ಲಾದಿಂದ ಕಾಶಿರಾಯರು ನನ್ನನ್ನು ನೋಡಲು ಬಂದ ದಿನ, ಏನು ಬರೆಯುತ್ತಿದ್ದೀರಿ ಎಂದಷ್ಟೇ ಕೇಳಿದ್ದರು. ನಾನು ತಡವರಿಸುತ್ತಾ ಈ ಧೂಳಿನ ಕಥೆ ಹೇಳಿ ಮುಗಿಸುವಷ್ಟರಲ್ಲಿ ಅವರ ಚಹಾ ಆರಿಹೋಗಿತ್ತು. ಅದನ್ನೇ ಕುಡಿದರು.

ಅವ್ವನಿಗೆ ಒಂದು ಮಾತು ಹೇಳಿ. ಹಳೆಯ ಸೀರೆಗಳನ್ನು ಒಟ್ಟುಮಾಡಿ, ದಪ್ಪನೆಯ ಕೌದಿಯೊಂದನ್ನು ಈಗಿನಿಂದಲೇ ಹೊಲಿಯಲಿ. ಕಲಬುರಗಿಯ ಚಳಿಗಾದರೆ ನನ್ನ ಬಳಿ ಇರುವುದೇ ಸಾಕು.

ನಿಮ್ಮ ಮಗಳು,
ಅಮೃತ